ಆಫ್ರಿಕಾದ ದೇಶಗಳು 2020ರಲ್ಲಿ ಅಷ್ಟು ಬೇಗ ಲಾಕ್‌ಡೌನ್ ಹೇರಿದ್ದು ಸರಿಯೇ?

ಪರ

2020ರ ಫೆಬ್ರವರಿ ಆರಂಭದಲ್ಲಿ ಕೊರೋನಾ ವೈರಸ್ಸನ್ನು ಪರೀಕ್ಷಿಸಿ ಹೇಳಬಲ್ಲ ಪ್ರಯೋಗಾಲಯಗಳು ಇಡೀ ಆಫ್ರಿಕಾ ಖಂಡದಲ್ಲಿ ಇದ್ದದ್ದು ಎರಡೇ. ಒಂದು ಸೆನೆಗಲ್‌ನ ಡಾಕರ್‌ನಲ್ಲಿ, ಇನ್ನೊಂದು ದಕ್ಷಿಣ ಆಫ್ರಿಕಾದಲ್ಲಿ. ಫೆಬ್ರವರಿ 14ರಂದು ಈಜಿಪ್ಟಿನಲ್ಲಿ ಮೊದಲ ಸೋಂಕು ವರದಿಯಾಯಿತು. ತಿಂಗಳು ಮುಗಿಯುವಷ್ಟರಲ್ಲಿ ಇಟಲಿಯಿಂದ ಬಂದ ಪ್ರಯಾಣಿಕರೊಬ್ಬರ ಮೂಲಕ ಅದು ನೈಜೀರಿಯಾದಲ್ಲೂ ಕಾಣಿಸಿಕೊಂಡಿತು. ಮಾರ್ಚ್‌ನಲ್ಲಿ ಇಟಲಿಯ ಬೆರ್ಗಾಮೊದಿಂದ ಸೇನೆಯ ಟ್ರಕ್ಕುಗಳು ಶವಪೆಟ್ಟಿಗೆಗಳನ್ನು ಹೊತ್ತು ಸಾಲಾಗಿ ಹೊರಟದ್ದನ್ನು ಜಗತ್ತೇ ನೋಡಿತು. ಆಸ್ಪತ್ರೆಗಳು ಸುಸಜ್ಜಿತವಾಗಿದ್ದ ಉತ್ತರ ಇಟಲಿಯ ಗತಿಯೇ ಹೀಗಾದರೆ, 41 ದೇಶಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಒಟ್ಟಾರೆ 2,000 ವೆಂಟಿಲೇಟರುಗಳೂ ಇಲ್ಲದ ಖಂಡದ ಆಡಳಿತಗಾರರು ಕೈಕಟ್ಟಿ ಕೂರಬೇಕಿತ್ತೇ?

ದಕ್ಷಿಣ ಆಫ್ರಿಕಾ ಮಾರ್ಚ್ 27ರಂದು ಲಾಕ್‌ಡೌನ್ ಜಾರಿಗೆ ತಂದಾಗ ಅಲ್ಲಿನ ಸೋಂಕಿತರ ಸಂಖ್ಯೆ ಸಾವಿರದ ಆಸುಪಾಸಿನಲ್ಲಿತ್ತು. ಮದ್ಯ ಮಾರಾಟವನ್ನೂ ನಿಲ್ಲಿಸಿದ್ದರಿಂದ ಹೊಡೆದಾಟ, ಅಪಘಾತಗಳ ಗಾಯಾಳುಗಳು ಕಡಿಮೆಯಾಗಿ ಆಸ್ಪತ್ರೆಗಳ ತುರ್ತು ವಿಭಾಗಗಳು ಉಸಿರಾಡುವಂತಾಯಿತು. ಘಾನಾ ಸರ್ಕಾರ ಅಕ್ರಾ ಮತ್ತು ಕುಮಾಸಿ ಸುತ್ತಮುತ್ತ ಮೂರು ವಾರ ಮಾತ್ರ ನಿರ್ಬಂಧ ಹೇರಿತು, ಜನರ ನೀರಿನ ಬಿಲ್ಲನ್ನು ತಾನೇ ಭರಿಸಿತು. ಹೀಗೆ ಗಳಿಸಿದ ಕಾಲಾವಕಾಶ ವ್ಯರ್ಥವಾಗಲಿಲ್ಲ. ಜಾನ್ ಎನ್ಕೆಂಗಾಸಾಂಗ್ ಅವರ ನೇತೃತ್ವದಲ್ಲಿ ಆಫ್ರಿಕಾ ಒಕ್ಕೂಟದ ರೋಗನಿಯಂತ್ರಣ ಸಂಸ್ಥೆಯಾದ ಆಫ್ರಿಕಾ ಸಿಡಿಸಿ ತಂತ್ರಜ್ಞರಿಗೆ ತರಬೇತಿ ಕೊಟ್ಟಿತು; ಕೆಲವೇ ತಿಂಗಳಲ್ಲಿ ನಲವತ್ತಕ್ಕೂ ಹೆಚ್ಚು ದೇಶಗಳು ತಮ್ಮಲ್ಲೇ ಪರೀಕ್ಷೆ ನಡೆಸುವಂತಾದವು. ಇದಕ್ಕೆ ವಿರುದ್ಧವಾದ ದಾರಿ ಹಿಡಿದದ್ದು ಟಾಂಜಾನಿಯಾ. ಅಧ್ಯಕ್ಷ ಮಗುಫುಲಿಯವರ ಸರ್ಕಾರ 509 ಸೋಂಕಿತರ ಲೆಕ್ಕ ಕೊಟ್ಟು, ಆಮೇಲೆ ಅಂಕಿಅಂಶ ಪ್ರಕಟಿಸುವುದನ್ನೇ ನಿಲ್ಲಿಸಿತು.

ಈ ಪಕ್ಷವನ್ನು ಬರೆಯಲು ನನ್ನನ್ನು ಕೇಳಲಾಯಿತು, ಒಪ್ಪಿದ್ದೇನೆ. ಆದರೆ ನಿರ್ಬಂಧಗಳು ವಾರಗಳಿಂದ ತಿಂಗಳುಗಳಿಗೆ ಹಿಗ್ಗಿದ್ದನ್ನು ಸಮರ್ಥಿಸುವ ಧೈರ್ಯ ನನಗಿಲ್ಲ. ದಿನಗೂಲಿಯವರ ಹಸಿವಿನ ಮಾತು ಬಂದೇ ಬರುತ್ತದೆ. ಅದು ಜಾರಿಗೊಳಿಸಿದ ರೀತಿಯ ದೋಷವೇ ಹೊರತು ನಿರ್ಧಾರದ ದೋಷವಲ್ಲ ಎಂದಷ್ಟೇ ಹೇಳಬಲ್ಲೆ.

ವಿರೋಧ

ನಿರ್ಧಾರ ಬೇರೆ, ಜಾರಿ ಬೇರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಬಡವರ ಮನೆಯ ಬಾಗಿಲಿಗೆ ಬಂದದ್ದು ಜಾರಿಯೇ. ನೈಜೀರಿಯಾದಲ್ಲಿ ಏಪ್ರಿಲ್ ಮಧ್ಯದ ಹೊತ್ತಿಗೆ ಕೊರೋನಾದಿಂದ ಸತ್ತವರು 12 ಮಂದಿ. ಲಾಕ್‌ಡೌನ್ ಕಾಯಲು ನಿಂತ ಭದ್ರತಾ ಸಿಬ್ಬಂದಿಯ ಕೈಯಲ್ಲಿ ಸತ್ತವರು 18 ಮಂದಿ ಎಂದು ಆ ದೇಶದ ಮಾನವ ಹಕ್ಕುಗಳ ಆಯೋಗವೇ ಹೇಳಿತು. ಮಲಾವಿಯಲ್ಲಿ ದುಡಿದು ತಿನ್ನುವವರ ಹೊಟ್ಟೆಪಾಡಿಗೆ ವ್ಯವಸ್ಥೆ ಇಲ್ಲವೆಂದು ಪ್ರಶ್ನಿಸಿದವರ ಮಾತು ಕೇಳಿ ಹೈಕೋರ್ಟ್ ಲಾಕ್‌ಡೌನ್‌ಗೆ ತಡೆ ಕೊಟ್ಟಿತು. ವೆಂಟಿಲೇಟರುಗಳ ಲೆಕ್ಕ ಒಪ್ಪಿಸುವವರಿಗೆ ನನ್ನದೊಂದೇ ಪ್ರಶ್ನೆ: ಯಂತ್ರವಿಲ್ಲ ಎಂಬ ಕಾರಣಕ್ಕೆ ಊರಿಗೆ ಬೀಗ ಹಾಕುವುದಾದರೆ, ಮಲೇರಿಯಾ ಮಕ್ಕಳನ್ನು ಕೊಲ್ಲುವ ಪ್ರತಿ ವರ್ಷವೂ ಬೀಗ ಹಾಕಬೇಕಿತ್ತಲ್ಲವೇ? ಖಂಡದ ಜನರಲ್ಲಿ ಅರ್ಧದಷ್ಟು ಮಂದಿ ಇಪ್ಪತ್ತರ ಒಳಗಿನವರು. ವೃದ್ಧರನ್ನೇ ಹೆಚ್ಚಾಗಿ ಬಲಿ ತೆಗೆದುಕೊಂಡ ರೋಗಕ್ಕೆ ಮುದಿ ಯುರೋಪಿನ ಮದ್ದನ್ನು ಇಲ್ಲಿಗೆ ತಂದು ಕುಡಿಸಿದರು.

ಆ ದಿನಗಳಲ್ಲಿ ನಾನು ಉಗಾಂಡಾದ ಕಂಪಾಲದಲ್ಲಿ ಒಂದು ಕಾರ್ಖಾನೆಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಮಾರ್ಚ್‌ನಲ್ಲಿ ದೇಶದ ಮೊದಲ ಸೋಂಕು ಪತ್ತೆಯಾಗುವ ಮೊದಲೇ ಶಾಲೆಗಳು ಮುಚ್ಚಿದ್ದವು. ಆಮೇಲೆ ಬಸ್ಸು, ಬೋಡಾ ಬೋಡಾ ಎಂಬ ಬಾಡಿಗೆ ಬೈಕುಗಳ ಸವಾರಿ, ಸ್ವಂತ ಕಾರು ಎಲ್ಲವೂ ನಿಂತವು. ಆರಂಭದ ವಾರಗಳಲ್ಲಿ ತುಂಬು ಗರ್ಭಿಣಿ ಆಸ್ಪತ್ರೆಗೆ ವಾಹನದಲ್ಲಿ ಹೋಗಬೇಕೆಂದರೂ ಜಿಲ್ಲೆಯ ಸರ್ಕಾರಿ ಪ್ರತಿನಿಧಿಯ ಅನುಮತಿ ಬೇಕಿತ್ತು. ತರಕಾರಿ ಮಾರುವ ಹೆಂಗಸರು ಮನೆಗೆ ಹೋಗಿಬರದೆ ಮಾರುಕಟ್ಟೆಯಲ್ಲೇ ಮಲಗಬೇಕು ಎಂದು ಅಧ್ಯಕ್ಷ ಮುಸೆವೆನಿ ಅಪ್ಪಣೆ ಮಾಡಿದರು. ನಮ್ಮ ಕಾರ್ಖಾನೆಯ ಕಾವಲುಗಾರನ ಹೆಂಡತಿ ಬಾಳೆಕಾಯಿ ಮಾರುವವಳು. ಕಟ್ಟೆಯ ಕೆಳಗೆ ರಟ್ಟು ಹಾಸಿ, ಮೇಲೆ ಸೊಳ್ಳೆಪರದೆ ಕಟ್ಟಿಕೊಂಡು ಆಕೆ ವಾರಗಟ್ಟಲೆ ಅಲ್ಲೇ ರಾತ್ರಿ ಕಳೆದಳು. ಸರ್ಕಾರ ತಲೆಗೆ ಆರು ಕಿಲೋ ಮೆಕ್ಕೆಜೋಳದ ಹಿಟ್ಟು, ಮೂರು ಕಿಲೋ ಹುರುಳಿಕಾಯಿ ಬೀಜ ಹಂಚಿತು. ಅದು ಎಷ್ಟು ದಿನ ಬಂದೀತು?

ತಾಯಿ ಮನೆಯಲ್ಲಿಲ್ಲದ್ದರಿಂದ ಅವರ ಏಳು ವರ್ಷದ ಮಗಳು ಹಗಲೆಲ್ಲ ಅಪ್ಪನ ಜೊತೆ ಗೇಟಿನ ಪಕ್ಕದ ಕೋಣೆಯಲ್ಲಿ ಇರುತ್ತಿದ್ದಳು. ಎರಡನೇ ತರಗತಿಯ ಹುಡುಗಿ. ವಾಹನಗಳ ಓಡಾಟವಿಲ್ಲದೆ ಗೇಟಿನ ರಿಜಿಸ್ಟರ್ ಖಾಲಿ ಬಿದ್ದಿತ್ತು. ವಾಹನ ಸಂಖ್ಯೆ ಬರೆಯುವ ಕಾಲಮ್ಮಿನಲ್ಲಿ ಅವಳು ಮಗ್ಗಿ ಬರೆಯತೊಡಗಿದಳು. ಎರಡರ ಮಗ್ಗಿ, ಮೂರರದು, ಐದರದು. ರೇಡಿಯೊದಲ್ಲಿ ಪಾಠ ಬರುತ್ತಿತ್ತು, ಆದರೆ ಕೋಣೆಯಲ್ಲಿ ರೇಡಿಯೊ ಇರಲಿಲ್ಲ. ಅವಳ ಅಪ್ಪನಿಗೆ ಅದಕ್ಕಿಂತ ಮುಂದೆ ಹೇಳಿಕೊಡಲು ಬರುತ್ತಿರಲಿಲ್ಲ. ನಾನು ಕೆಲವು ದಿನ ಹೇಳಿಕೊಟ್ಟೆ, ಆಮೇಲೆ ಕೆಲಸದ ನೆಪದಲ್ಲಿ ಬಿಟ್ಟುಬಿಟ್ಟೆ. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ದೊಡ್ಡ ತರಗತಿಗಳವರು ಹಂತಹಂತವಾಗಿ ಶಾಲೆಗೆ ಮರಳಿದರು. ಚಿಕ್ಕವರ ಸರದಿ ಬರುವ ಹೊತ್ತಿಗೆ, 2021ರ ಜೂನ್‌ನಲ್ಲಿ, ಮತ್ತೆ ಎಲ್ಲ ಶಾಲೆಗಳಿಗೂ ಬೀಗ ಬಿತ್ತು. ಪೂರ್ತಿ ತೆರೆದದ್ದು 2022ರ ಜನವರಿ 10ರಂದು. ಜಗತ್ತಿನಲ್ಲೇ ಅತಿ ದೀರ್ಘಕಾಲ ಶಾಲೆ ಮುಚ್ಚಿದ ದೇಶಗಳ ಸಾಲಿನಲ್ಲಿ ಉಗಾಂಡಾ ಮುಂದಿತ್ತು. ಅಷ್ಟರಲ್ಲಿ ಒಂಬತ್ತು ತುಂಬಿದ್ದ ಆ ಹುಡುಗಿ ತಾಯಿಯ ಜೊತೆ ಬಾಳೆಕಾಯಿ ಮಾರಲು ಕಲಿತಿದ್ದಳು, ಚಿಲ್ಲರೆ ಎಣಿಸುವುದರಲ್ಲಿ ಚುರುಕಾಗಿದ್ದಳು. ಹಳೆಯ ಸಮವಸ್ತ್ರ ಮೈಗೆ ಹತ್ತಲಿಲ್ಲ, ಹೊಸದು ಹೊಲಿಸಲು ಎರಡು ವಾರ ಬೇಕಾಯಿತು. ಶಾಲೆಗೆ ಹೊರಟ ದಿನ ಅವಳು ಗೇಟಿನ ಬಳಿ ಬಂದು ಮಗ್ಗಿ ಒಪ್ಪಿಸಿದಳು. ಐದರ ಮಗ್ಗಿಯವರೆಗೆ ಒಂದೂ ತಪ್ಪಿಲ್ಲದೆ ಹೇಳಿದಳು.