ಸ್ಥಾನ ಕ್ಯಾನ್ಸರ್ ಜಾಗೃತಿ ಶಿಬಿರ

ಅಕ್ಟೋಬರ್ ಬಂದರೆ ನಮ್ಮ ಕಡೆ ಎರಡು ಗ್ಯಾರಂಟಿ. ಹೋಗ್ತೀನಿ ಹೋಗ್ತೀನಿ ಅಂತಲೇ ಕೂತಿರುವ ಮಳೆ, ಮತ್ತೆ ಗುಲಾಬಿ ರಿಬ್ಬನ್. 1985ರಲ್ಲಿ ಅಮೆರಿಕದಲ್ಲಿ ಶುರುವಾದ ಸ್ತನ ಕ್ಯಾನ್ಸರ್ ಜಾಗೃತಿ ತಿಂಗಳು ಕಳಸದ ಕಡೆಯ ನಮ್ಮ ಕಾಫಿ ತೋಟದ ಊರಿಗೆ ಬಂದದ್ದು ಹೋದ ವರ್ಷ. ಜಾಸ್ತಿ ತಡ ಏನಲ್ಲ ಬಿಡಿ. ಕಾಲುಸಂಕಕ್ಕೆ ಅರ್ಜಿ ಕೊಟ್ಟವರು ಇನ್ನೂ ಕಾಯ್ತಿದ್ದಾರೆ.

ಶಾಲೆ ಮೈದಾನದಲ್ಲಿ ಶಾಮಿಯಾನ. ವೇದಿಕೆಯ ಹಿಂದೆ 20 ಅಡಿ ಫ್ಲೆಕ್ಸ್. ಅದರ ಮೇಲೆ ದಪ್ಪಕ್ಷರದಲ್ಲಿ ‘ಸ್ಥಾನ ಕ್ಯಾನ್ಸರ್ ಜಾಗೃತಿ ಶಿಬಿರ’.

ಫ್ಲೆಕ್ಸ್ ಅಂಗಡಿ ಹುಡುಗನನ್ನು ಬೈಯಬೇಡಿ. ಸಂಘಟಕರು ಕೊಟ್ಟ ಚೀಟಿಯಲ್ಲಿ ‘ಸ್ಥನ’ ಅಂತಿತ್ತಂತೆ. ಒಂದು ದೀರ್ಘ ಬಿಟ್ಟುಹೋಗಿದೆ ಅಂದುಕೊಂಡು ಪಾಪ ಹಾಕಿಕೊಟ್ಟ. ಪ್ರೂಫ್ ನೋಡಿದ ಗಂಡಸರಿಗೂ ಉಸಿರು ಬಂದ ಹಾಗಾಯಿತು. ಆ ಪದಕ್ಕಿಂತ ಇದು ಎಷ್ಟೋ ಮರ್ಯಾದೆಯದು, ಅಲ್ವಾ?

ಶಿಬಿರ ಶುರುವಾದ ಮೇಲೆ ನೋಡಿದರೆ ಅದು ತಪ್ಪೇ ಆಗಿರಲಿಲ್ಲ. ವೇದಿಕೆ ಮೇಲೆ 14 ಕುರ್ಚಿ, 23 ಗಣ್ಯರು. ರೋಗಲಕ್ಷಣ ಒಂದೊಂದೇ ಕಾಣಿಸಿಕೊಂಡವು. ಮುಂದಿನ ಸಾಲು ಸಿಗದ ಮಾಜಿಗಳಿಗೆ ಎದೆಯುರಿ. ಆಹ್ವಾನ ಪತ್ರಿಕೆಯಲ್ಲಿ ಹೆಸರು ಬಿಟ್ಟುಹೋದವರ ಮುಖ ಊದಿತು. ತುದಿಯ ಕುರ್ಚಿಯಲ್ಲಿದ್ದದ್ದು ನೋಡನೋಡುತ್ತಲೇ ಮಧ್ಯಕ್ಕೆ ಹರಡಿತು. ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಕೇಂದ್ರದ ಸಿಸ್ಟರ್ ಇಬ್ಬರೂ ನಿಂತೇ ಇದ್ದರು. ಅವರಿಗೆ ಈ ಕಾಯಿಲೆ ಇಲ್ಲ.

ಭಾಷಣದಲ್ಲಿ ಕಾಯಿಲೆಗೆ ಹೊಸ ಹೊಸ ಹೆಸರು ಸಿಕ್ಕವು. ಒಬ್ಬರು ‘ಅದು’ ಅಂದರು. ಇನ್ನೊಬ್ಬರು ‘ಆ ಭಾಗದ ತೊಂದರೆ’ ಅಂದರು. ಫ್ಲೆಕ್ಸ್ ಓದಿಕೊಂಡು ಬಂದಿದ್ದ ಮತ್ತೊಬ್ಬರು ‘ಮಾತೃಸ್ಥಾನದ ಸಮಸ್ಯೆ’ ಅಂತ ಶುರುಮಾಡಿ, ತಾಯಿ, ಭೂಮಿತಾಯಿ, ಭದ್ರೆ, ಹೇಮಾವತಿ ಎಲ್ಲರನ್ನೂ ಮಾತಾಡಿಸಿಕೊಂಡು ಬಂದು, ಮಳೆ ಜೋರಾಯಿತು ಅಂತ ನಿಲ್ಲಿಸಿದರು.

ಬೆಳಗ್ಗೆ ಬರಬೇಕಿದ್ದ, ಸ್ತನದ ಎಕ್ಸ್‌ರೇ ತೆಗೆಯುವ ಮ್ಯಾಮೋಗ್ರಫಿ ಬಸ್ಸು ಕೊಟ್ಟಿಗೆಹಾರದಲ್ಲೇ ನಿಂತಿತ್ತು. ಇಲ್ಲಿಯ ತಿರುವುಗಳಲ್ಲಿ ಗಾಡಿ ತಿರುಗಲ್ಲ ಅಂದನಂತೆ ಡ್ರೈವರ್. ತಂಡದವರು ನೀರುದೋಸೆ ತಿಂದು ವಾಪಸ್ ಹೋದರು.

ಬಸ್ಸು ಬರಲಿಲ್ಲ ಅಂತ ಶಿಬಿರ ದಂಡವಾಗಬೇಕಿರಲಿಲ್ಲ. ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ 20 ವರ್ಷ, ಸುಮಾರು 1.5 ಲಕ್ಷ ಹೆಂಗಸರನ್ನು ಇಟ್ಟುಕೊಂಡು ಒಂದು ಅಧ್ಯಯನ ಮಾಡಿದರು. ಅವರಲ್ಲಿ ಅರ್ಧದಷ್ಟು ಜನರಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಎದೆ ಮುಟ್ಟಿ ಪರೀಕ್ಷೆ ಮಾಡಿದರು. ಮೆಷಿನ್ ಇಲ್ಲ, ಬರೀ ಕೈ. 50 ದಾಟಿದವರಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಶೇ 30ರಷ್ಟು ಇಳಿಯಿತು. ನಮ್ಮ ಸರ್ಕಾರದ ಕಾಗದದಲ್ಲೂ 30 ದಾಟಿದವರಿಗೆ 5 ವರ್ಷಕ್ಕೊಮ್ಮೆ ಇದೇ ಕೈಪರೀಕ್ಷೆ ಇದೆ.

ಆ ಕೈ ನಮ್ಮ ಸಿಸ್ಟರದ್ದು. ಅವತ್ತು ಅದರಲ್ಲಿ 23 ಹಾರ ಇತ್ತು. ಪರೀಕ್ಷೆಗೆ ಅಂತ ಬಿಡಿಸಿದ್ದ ಶಾಲೆ ಕೋಣೆಯಲ್ಲಿ ಗಣ್ಯರಿಗೆ ಉಪ್ಪಿಟ್ಟು, ಕೇಸರಿಬಾತು. ಜಾಗೃತಿ ಅಂತ ಕೇಸರಿಬಾತಿಗೂ ಗುಲಾಬಿ ಬಣ್ಣ ಹಾಕಿದ್ದರು.

ವಂದನಾರ್ಪಣೆಗೆ ಮುಂಚೆ ಸಿಸ್ಟರಿಗೆ 2 ನಿಮಿಷ ಮೈಕ್ ಸಿಕ್ಕಿತು. ‘ಎದೇಲೋ ಕಂಕುಳಲ್ಲೋ ಗಂಟು ಸಿಕ್ಕಿದ್ರೆ ನೋವಿಲ್ಲ ಅಂತ ಸುಮ್ನಿರಬೇಡಿ. ಈ ಗಂಟು ಹೆಚ್ಚಿನವರಿಗೆ ನೋಯೋದೇ ಇಲ್ಲ. ತೊಟ್ಟಿನಿಂದ ರಕ್ತ ಬಂದ್ರೆ...’ ಅನ್ನುವಷ್ಟರಲ್ಲಿ ನಿರೂಪಕ ಮೈಕ್ ಇಸಕೊಂಡ. ಮಕ್ಕಳಿದ್ದಾರೆ ನೋಡಿ. ಚಾಪೆ ಮೇಲೆ ನನ್ನ ಪಕ್ಕ ಕೂತಿದ್ದವರೆಲ್ಲ ಕಾಫಿ ಕುಯ್ಯುವ ಹೆಂಗಸರು. ಕತ್ತಲಲ್ಲಿ ಕೊಟ್ಟರೂ ಹಣ್ಣು ಯಾವುದು, ಕಾಯಿ ಯಾವುದು ಅಂತ ಬೆರಳಲ್ಲೇ ಹೇಳುವವರು. ಎಲ್ಲರೂ ಸೆರಗಿಗೆ ಒಂದೊಂದು ರಿಬ್ಬನ್ ಚುಚ್ಚಿಸಿಕೊಂಡು ಎದ್ದರು.

ವಾರ ಬಿಟ್ಟು ತೋಟದ ಕೂಲಿಯವರ ಲೈನ್ ಮನೆಗಳ ಕಡೆ ಹೋಗಿದ್ದೆ. ಫ್ಲೆಕ್ಸ್ ಅಲ್ಲಿಗೆ ಬಂದಿತ್ತು, ಒಬ್ಬ ಅಜ್ಜಿಯ ಸೌದೆ ರಾಶಿ ಮೇಲೆ. ಅವತ್ತು ಕೂಲಿ ಬಿಟ್ಟು ಬಂದು ಮೂರು ಗಂಟೆ ಕೂತಿದ್ದ ಅಜ್ಜಿ.

‘ಸಿಸ್ಟರ್ ಹತ್ರ ಹೋಗಿ ತೋರಿಸ್ಕೊಂಡ್ರಾ ಅಜ್ಜಿ?’

‘ನಂಗ್ಯಾಕೆ ಮಾರಾಯ್ರೆ? ಮೊಮ್ಮಗಳು ಇದನ್ನ ಓದಿ ಹೇಳಿದ್ಲು. ಕುರ್ಚಿ ಮೇಲೆ ಕೂರೋರಿಗೆ ಬರೋ ಕಾಯಿಲೆಯಂತೆ. ನಾವು ಚಾಪೆ ಮೇಲೆ ಕೂತಿದ್ವಲ್ಲ.’