ಅಜ್ಜಿಯ ಲೋಕ ಚಿಕ್ಕದಾಗಿರಲಿಲ್ಲ
‘ಚರ್ಚು, ಅಡುಗೆಮನೆ ಬಿಟ್ಟರೆ ಅಜ್ಜಿಗೆ ಬೇರೆ ಲೋಕವಿರಲಿಲ್ಲ’ ಎಂದು ಒಬ್ಬ ಕ್ಯಾಥೊಲಿಕ್ ಗೃಹಿಣಿಯ ಬಗೆಗಿನ ಲೇಖನವೊಂದು ಹೇಳಿತ್ತು. ಆ ಮಾತನ್ನು ನಾನು ಒಪ್ಪುವುದಿಲ್ಲ. ಮೈಸೂರಿನ ನನ್ನ ಅಜ್ಜಿಯೂ ಕ್ಯಾಥೊಲಿಕ್ ಗೃಹಿಣಿಯೇ. ರಾತ್ರಿ ಜಪಸರ ಹಿಡಿದರೆ, ಹತ್ತು ‘ನಮೋ ಮರಿಯಾ’ ಪ್ರಾರ್ಥನೆ ಮುಗಿದಾಗಲೊಮ್ಮೆ ಯಾರನ್ನಾದರೂ ನೆನೆಯುತ್ತಿದ್ದರು: ಪರೀಕ್ಷೆಗೆ ಕುಳಿತ ಮೊಮ್ಮಗ, ಕೆಲಸ ಕಳೆದುಕೊಂಡ ಅಳಿಯ, ಬಾಣಂತನಕ್ಕೆ ತವರಿಗೆ ಬಂದಿದ್ದ ಪಕ್ಕದ ಮನೆಯ ಹುಡುಗಿ. ಬೆಳಿಗ್ಗೆ ಅದೇ ಹುಡುಗಿಗೆ ಮೆಣಸಿನ ಸಾರು ಹೋಗುತ್ತಿತ್ತು, ಮುಚ್ಚಳ ಜಾರದಂತೆ ಬಟ್ಟೆ ಕಟ್ಟಿ. ಜೂನ್ 13ಕ್ಕೆ ಮೈಸೂರು ಜಿಲ್ಲೆಯ ದೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ಹೊರಟರೆ ಬಸ್ಸಿನಲ್ಲಿ ಅವರ ಜೊತೆ ನಮ್ಮ ಬೀದಿಯ ಹಿಂದೂ ಹೆಂಗಸರೇ ಹೆಚ್ಚು. ತಾತ ಹಾಸಿಗೆ ಹಿಡಿದ ಆರು ವರ್ಷ ಅಜ್ಜಿ ಹೋಗಲಿಲ್ಲ. ಅಜ್ಜಿಯ ಹೆಸರಿನಲ್ಲಿ ಆ ಹೆಂಗಸರೇ ಮೇಣದಬತ್ತಿ ಹಚ್ಚಿ ಬರುತ್ತಿದ್ದರು. ಅಜ್ಜಿ ತೀರಿಕೊಂಡ ದಿನ ಅವರ ಬೆರಳುಗಳಿಗೆ ಜಪಸರ ಸುತ್ತಿದವಳು ಸಾರು ಕುಡಿದ ಆ ಹುಡುಗಿ.