ಪೂರ್ತಿ ಓದಲು ಅಲ್ಲಿಗೆ ಹೋಗಿ

ಸರಸ್ವತಿಪುರಂನಲ್ಲಿ ನನಗೆ ಪರಿಚಯದ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಅವರಿಗೊಂದು ಬ್ಲಾಗ್ ಇದೆ, ಇಮೇಲ್‌ನಲ್ಲಿ ಬರುವ ನ್ಯೂಸ್‌ಲೆಟರ್ ಕೂಡ ಇದೆ. ಬ್ಲಾಗ್ ತೆಗೆದರೆ ಹೀಗಿರುತ್ತದೆ: "ಮೈಸೂರಿನ ಟಾಂಗಾಗಳ ಬಗ್ಗೆ ಯಾರೂ ಹೇಳದ ಒಂದು ವಿಷಯವನ್ನು ಈ ವಾರದ ನ್ಯೂಸ್‌ಲೆಟರ್‌ನಲ್ಲಿ ಬರೆದಿದ್ದೇನೆ. ಇವತ್ತೇ ಸಬ್‌ಸ್ಕ್ರೈಬ್ ಆಗಿ." ಆಗುತ್ತೀರಿ. ಭಾನುವಾರ ಬೆಳಿಗ್ಗೆ ಮೇಲ್ ಬರುತ್ತದೆ: "ಟಾಂಗಾಗಳ ಬಗ್ಗೆ ಬ್ಲಾಗಿನಲ್ಲಿ ಬರೆದದ್ದನ್ನು ಓದಿದಿರಾ? ಇಲ್ಲದಿದ್ದರೆ ಇಲ್ಲಿ ಒತ್ತಿ." ಒತ್ತಿದರೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತೀರಿ. ಟಾಂಗಾ ಎಲ್ಲಿ ಮೇಷ್ಟ್ರೇ ಅಂತ ಕೇಳಿದೆ. "ಅದನ್ನ ಬರೀಬೇಕು ಕಣಯ್ಯ, ಪುರುಸೊತ್ತೇ ಆಗಿಲ್ಲ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಲಿಂಕ್ ಹಾಕೋದ್ರಲ್ಲೇ ದಿನ ಹೋಗುತ್ತೆ" ಅಂದರು.

ಇದಕ್ಕೆ ಕ್ರಾಸ್ ಪ್ರಮೋಷನ್ ಅಂತಾರೆ. ಮೂಲದಲ್ಲಿ ಇದು ಬುದ್ಧಿವಂತರ ಉಪಾಯವೇ. ಗೂಗಲ್‌ನಲ್ಲಿ ಏನೋ ಹುಡುಕುತ್ತಾ ಬ್ಲಾಗಿಗೆ ಬಂದವನು ಓದಿ ಎದ್ದು ಹೋಗುತ್ತಾನೆ, ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಅವನ ಇಮೇಲ್ ಇಸ್ಕೊಂಡರೆ ಹೊಸದು ಬರೆದಾಗ ಹೇಳಿ ಕಳಿಸಬಹುದು. ಮೇಲ್ ಓದಿ ಖುಷಿಪಟ್ಟವನಿಗೆ ಹಳೆಯ ಬರಹಗಳು ಬ್ಲಾಗಿನಲ್ಲಿವೆ ಅಂತ ದಾರಿ ತೋರಿಸಬಹುದು. ಫೇಸ್‌ಬುಕ್ಕೋ ಇನ್‌ಸ್ಟಾಗ್ರಾಮೋ ನಾಳೆ ತಮ್ಮ ನಿಯಮ ಬದಲಿಸಿದರೂ ಇಮೇಲ್ ಪಟ್ಟಿ ನಿಮ್ಮ ಕೈಯಲ್ಲೇ ಇರುತ್ತದೆ. ಎಲ್ಲ ಸರಿ. ಒಂದೇ ಒಂದು ಸಣ್ಣ ಷರತ್ತು ಅಂದರೆ, ಎರಡರಲ್ಲಿ ಒಂದು ಕಡೆಯಾದರೂ ಓದಲಿಕ್ಕೆ ಏನಾದರೂ ಇರಬೇಕು. ನಮ್ಮೂರಿನವರು ಆ ಷರತ್ತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಚೆನ್ನಾಗಿ ಕಲಿತರು.

ಕಲಿಸಿದವರು ಕಾರ್ಯಾಗಾರದವರು. ಈಗ ಭಾನುವಾರ ಬಂದರೆ ಯಾವುದಾದರೂ ಹೋಟೆಲಿನ ಪಾರ್ಟಿ ಹಾಲ್‌ನಲ್ಲಿ ಆಡಿಯನ್ಸ್ ಬೆಳೆಸುವುದನ್ನು ಹೇಳಿಕೊಡುತ್ತಿರುತ್ತಾರೆ. ಕೊರಳಿಗೆ ಬ್ಯಾಡ್ಜು, ಕೈಗೆ ಪ್ಯಾಡು, ಹನ್ನೊಂದಕ್ಕೆ ಕಾಫಿ. ನಾನೂ ಒಂದಕ್ಕೆ ಹೋಗಿದ್ದೆ. ಬೆಂಗಳೂರಿನಿಂದ ಬಂದ ಮಾರ್ಗದರ್ಶಕರು ಒಬ್ಬೊಬ್ಬರನ್ನೇ ನಿಲ್ಲಿಸಿ, "ನಿಮ್ಮ ಲೀಡ್ ಮ್ಯಾಗ್ನೆಟ್ ಯಾವುದು?" ಅಂತ ಕೇಳುತ್ತಿದ್ದರು. ಇಮೇಲ್ ಕೊಟ್ಟವರಿಗೆ ಬಿಟ್ಟಿಯಾಗಿ ಕೊಡುವ ಪಿಡಿಎಫ್ ಇದೆಯಲ್ಲ, ಅದರ ಹೆಸರು ಅದು. ಎಲ್ಲರೂ ತಂತಮ್ಮದನ್ನು ಹೇಳಿದರು. ಹಿಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ ಎದ್ದು ನಿಂತು, "ಸಾರ್, ನಾನಿನ್ನೂ ಏನೂ ಬರೆದಿಲ್ಲ. ಏನು ಬರೀಬೇಕು ಅಂತ ಹೇಳ್ತೀರಾ?" ಅಂದ. ಹಾಲ್ ಪೂರ್ತಿ ತಿರುಗಿ ಅವನನ್ನೇ ನೋಡಿತು. ಮಾರ್ಗದರ್ಶಕರು ನಕ್ಕು, "ಅದು ಅಡ್ವಾನ್ಸ್ಡ್ ಬ್ಯಾಚಿನಲ್ಲಿ ಬರುತ್ತೆ" ಅಂದರು. ಅದಕ್ಕೆ ಫೀಸು ಬೇರೆ.

ಬರೆಯುವವರು ಬರೆಯುವವರನ್ನೇ ಹೊಗಳುವ ಇನ್ನೊಂದು ಪದ್ಧತಿಯೂ ಇದೆ. ಮಂಡ್ಯದ ಕಡೆ ಮದುವೆಗೆ ಹೋದರೆ ಮುಯ್ಯಿ ಬರೆದುಕೊಳ್ಳುವ ಪುಸ್ತಕ ನೋಡಿರುತ್ತೀರಿ. ಯಾರು ಎಷ್ಟು ಹಾಕಿದರು ಅಂತ ಅದರಲ್ಲಿ ಇರುತ್ತದೆ. ಅವರ ಮನೆಯ ಮದುವೆ ಬಂದಾಗ ಪುಸ್ತಕ ತೆಗೆದು ನೋಡಿ ಅಷ್ಟನ್ನೇ ತಿರುಗಿ ಹಾಕಬೇಕು, ಒಂದು ರೂಪಾಯಿ ಕಮ್ಮಿಯಾದರೂ ಮಾತು ಬರುತ್ತದೆ. ನ್ಯೂಸ್‌ಲೆಟರಿನವರದ್ದೂ ಇದೇ ಲೆಕ್ಕ. ನೀವು ನಿಮ್ಮ ಓದುಗರಿಗೆ ನನ್ನದನ್ನು ಶಿಫಾರಸು ಮಾಡಿ, ನಾನು ನನ್ನ ಓದುಗರಿಗೆ ನಿಮ್ಮದನ್ನು ಮಾಡುತ್ತೇನೆ. ನ್ಯೂಸ್‌ಲೆಟರ್ ನಡೆಸಲು ಜಾಗ ಕೊಡುವ ಸಬ್‌ಸ್ಟ್ಯಾಕ್ ಕಂಪನಿ 2022ರಲ್ಲಿ ಇದನ್ನು ಸುಲಭ ಮಾಡಿಕೊಟ್ಟಿತು; ಒಂದು ಪಟ್ಟಿಗೆ ಸೇರಿದವರ ಮುಂದೆ ಆ ಬರಹಗಾರ ಮೆಚ್ಚಿದ ಬೇರೆ ಪಟ್ಟಿಗಳು ತಾವಾಗೇ ಬಂದು ನಿಲ್ಲುತ್ತವೆ. ಮದುವೆಯಲ್ಲಾದರೆ ಮುಯ್ಯಿ ಹಾಕಿದವನಿಗೆ ಊಟವಾದರೂ ಸಿಗುತ್ತದೆ. ಬೀಗರೂಟ ಅಂದರಂತೂ ಕೇಳುವುದೇ ಬೇಡ.

ಇಲ್ಲಿನ ಬರಹಗಾರರದ್ದೊಂದು ವಾಟ್ಸಾಪ್ ಗ್ರೂಪ್ ಇದೆ. ಎಲ್ಲರೂ ಎಲ್ಲರಿಗೂ ಸಬ್‌ಸ್ಕ್ರೈಬ್ ಆಗಿದ್ದಾರೆ. ಹಾಗಾಗಿ ಎಲ್ಲರಿಗೂ ಓದುಗರಿದ್ದಾರೆ, ಓದುಗರೆಲ್ಲರೂ ಬರಹಗಾರರೇ, ಯಾರೂ ಯಾರದ್ದನ್ನೂ ಓದುವುದಿಲ್ಲ. ಬಹಳ ನೆಮ್ಮದಿಯ ಗ್ರೂಪ್. ಒಮ್ಮೆ ಮಾತ್ರ ಒಬ್ಬ ಹೊಸಬ ಯಾರದ್ದೋ ಲೇಖನವನ್ನು ನಿಜವಾಗಿಯೂ ಓದಿ, "ಸಾರ್, ಮೂರನೇ ಪ್ಯಾರಾ ಎರಡು ಸಲ ಬಂದಿದೆ" ಅಂತ ಬರೆದುಬಿಟ್ಟ. ಅಡ್ಮಿನ್ ಅವನನ್ನು ಅವತ್ತು ರಾತ್ರಿಯೇ ತೆಗೆದರು. ಲೇಖಕರು ಬೇಜಾರು ಮಾಡಿಕೊಂಡಿದ್ದರಂತೆ. ತಪ್ಪು ತೋರಿಸಿದ್ದಕ್ಕಲ್ಲ, ಅಷ್ಟೊಂದು ಓದಿದವನು ಕೊನೆಯ ಲಿಂಕ್ ಒತ್ತದೆ ಹೋದನಲ್ಲ ಅಂತ.

ಇದರ ಬಿಸಿ ನಮ್ಮ ಅಡುಗೆಮನೆಗೂ ತಟ್ಟಿತು. ಊರಿಂದ ಭಾವ ಬರುವವರಿದ್ದರು. ಮದ್ದೂರು ವಡೆ ಮಾಡೋಣ ಅಂತ ನನ್ನ ಹೆಂಡತಿ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹೆಚ್ಚಿ, ಉಪ್ಪು ಹಾಕಿ ಕಿವುಚಿಟ್ಟು, ಹಿಟ್ಟುಗಳ ಅಳತೆ ನೋಡಲು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟಳು. ಬ್ಲಾಗು ತೆರೆಯಿತು. ಮೊದಲು 1917, ಮದ್ದೂರು ರೈಲ್ವೆ ಸ್ಟೇಷನ್ನು, ತಡವಾದ ರೈಲು. ಈ ಕಡೆಯವರಿಗೆ ಬಾಯಿಪಾಠವಾಗಿರುವ ಕಥೆ. ಅದನ್ನು ದಾಟಿ ಕೆಳಗೆ ಬಂದರೆ ಬರಹಗಾರ್ತಿಯ ಬಾಲ್ಯ. ಅದನ್ನೂ ದಾಟುವಷ್ಟರಲ್ಲಿ ಪರದೆ ತುಂಬ ಒಂದು ಪಾಪ್‌ಅಪ್ ಬಂತು. ಕೆಳಗೆ ಎರಡು ಬಟನ್. ಒಂದರಲ್ಲಿ "ಹೌದು, ನನಗೆ ರುಚಿಯಾದ ಅಡುಗೆ ಕಲಿಯಬೇಕು" ಅಂತಿತ್ತು. ಇನ್ನೊಂದರಲ್ಲಿ, ಸಣ್ಣ ಅಕ್ಷರದಲ್ಲಿ, "ಬೇಡ, ನಮ್ಮ ಮನೆಯವರು ಹೇಗೆ ಹಾಕಿದರೂ ತಿನ್ನುತ್ತಾರೆ." ನನ್ನ ಹೆಂಡತಿ ಎರಡನೆಯದರ ಮೇಲೆ ಸ್ವಲ್ಪ ಹೊತ್ತು ಬೆರಳು ಹಿಡಿದದ್ದನ್ನು ನಾನು ನೋಡಿದೆ. ಇರಲಿ.

ಚಿರೋಟಿ ರವೆ ಎಷ್ಟು, ಮೈದಾ ಎಷ್ಟು, ಅಕ್ಕಿ ಹಿಟ್ಟು ಎಷ್ಟು ಅನ್ನುವ ಗುಟ್ಟು ನ್ಯೂಸ್‌ಲೆಟರ್ ಓದುಗರಿಗೆ ಮಾತ್ರ ಅಂತ ಗೊತ್ತಾಯಿತು. ಈರುಳ್ಳಿ ಕೈಯಲ್ಲೇ ಇಮೇಲ್ ಬರೆದಳು. "ಧನ್ಯವಾದ, ಖಚಿತಪಡಿಸಲು ಒಂದು ಮೇಲ್ ಕಳಿಸಿದ್ದೇವೆ." ಇನ್‌ಬಾಕ್ಸ್ ನೋಡಿದರೆ ಮೇಲ್ ಇಲ್ಲ. ಜಿಮೇಲ್‌ನವರು 2013ರಲ್ಲೇ ಇಂಥ ಮೇಲ್‌ಗಳಿಗೆ ಅಂತ ಪ್ರಮೋಷನ್ಸ್ ಅನ್ನುವ ಬೇರೆ ಗೂಡು ಮಾಡಿಟ್ಟಿದ್ದಾರೆ. ಕೊನೆಗೆ ಸೀರೆ ಡಿಸ್ಕೌಂಟು, ಪರ್ಸನಲ್ ಲೋನುಗಳ ನಡುವೆ ಅಲ್ಲಿ ಸಿಕ್ಕಿತು. ಇತ್ತ ಉಪ್ಪು ತಿಂದ ಈರುಳ್ಳಿ ನೀರು ಬಿಡುತ್ತಾ ಕೂತಿತ್ತು. ಒತ್ತಿದೆವು. ತಕ್ಷಣ ಇನ್ನೊಂದು ಮೇಲ್: "ನಮ್ಮ ಕುಟುಂಬಕ್ಕೆ ಸ್ವಾಗತ! ಅಳತೆಯ ಗುಟ್ಟು ನಾಳೆ ಬೆಳಿಗ್ಗೆ ನಿಮ್ಮ ಕೈ ಸೇರಲಿದೆ."

ಅತ್ತೆಗೆ ಫೋನ್ ಮಾಡಿದಳು. ಅವರು ಅರ್ಧ ನಿಮಿಷದಲ್ಲಿ ಅಳತೆ ಹೇಳಿ, ಎಣ್ಣೆ ಬಿಸಿ ಮಾಡಿ ಹಿಟ್ಟಿಗೆ ಹಾಕೋದು ಮರೀಬೇಡ ಅಂತ ಬೈದು ಫೋನಿಟ್ಟರು. ಗುಟ್ಟು ಹೇಳಿದಂತೆಯೇ ಮರುದಿನ ಬಂತು. "ಪೂರ್ತಿ ವಿವರ ನಮ್ಮ ಯೂಟ್ಯೂಬ್ ಚಾನೆಲ್‌ನಲ್ಲಿ" ಅಂತ ಇತ್ತು.

ಇಷ್ಟೆಲ್ಲ ಮಾಡುವವರಿಗೆ ಸಿಗುವುದು ಲೆಕ್ಕದ ಸುಖ. ಓಪನ್ ರೇಟ್ ಅಂತ ಒಂದಿದೆ, ಮೇಲ್ ಹೋದವರಲ್ಲಿ ಶೇಕಡಾ ಎಷ್ಟು ಜನ ತೆರೆದರು ಅನ್ನುವ ಲೆಕ್ಕ. ಮೇಲ್ ಒಳಗೆ ಕಣ್ಣಿಗೆ ಕಾಣದ ಒಂದು ಚುಕ್ಕಿಯಷ್ಟು ಚಿತ್ರ ಅಡಗಿಸಿಟ್ಟಿರುತ್ತಾರೆ. ನೀವು ಮೇಲ್ ತೆರೆದಾಗ ಆ ಚಿತ್ರ ಕಳಿಸಿದವರ ಕಡೆಯಿಂದ ಇಳಿದು ಬರುತ್ತದೆ, ಅಲ್ಲಿ ಒಂದು ಗೀಟು ಬೀಳುತ್ತದೆ. 2021ರಲ್ಲಿ ಆಪಲ್ ಕಂಪನಿ ಓದುಗರ ಖಾಸಗಿತನ ಕಾಪಾಡಲು ಒಂದು ಏರ್ಪಾಟು ಮಾಡಿತು: ಅದನ್ನು ಆನ್ ಮಾಡಿಕೊಂಡವರ ಮೇಲ್‌ಗಳ ಚಿತ್ರಗಳನ್ನು, ಅವರು ತೆರೆಯಲಿ ಬಿಡಲಿ, ಕಂಪನಿಯ ಯಂತ್ರವೇ ಮೊದಲು ಇಳಿಸಿಕೊಳ್ಳುತ್ತದೆ. ಅಂದರೆ ಓದದವರ ಹೆಸರಿಗೂ ಗೀಟು. ಕುವೆಂಪುನಗರದ ಕವಿಯೊಬ್ಬರು ಓಪನ್ ರೇಟ್ ಏರಿತು ಅಂತ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದರು. ನಾನು ತಿಂದ ಮೇಲೆ ವಿಷಯ ಹೇಳಿದೆ. ಅವರು ಕುಗ್ಗಲಿಲ್ಲ. "ಯಂತ್ರವಾದರೂ ತೆಗೆದು ನೋಡ್ತಲ್ಲ ಸಾರ್" ಅಂದರು. ನಿಜ, ಅವರ ಮನೆಯವರು ಅದನ್ನೂ ಮಾಡಿದವರಲ್ಲ.

2024ರ ಫೆಬ್ರವರಿಯಿಂದ ಗೂಗಲ್ ಇನ್ನೊಂದು ಬಿಗಿ ತಂದಿತು. ಜಿಮೇಲ್ ಇರುವವರಿಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರು, ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬರುವ ಅನುಕೂಲ ಕೊಡಬೇಕು. ಸ್ಪ್ಯಾಮ್ ಅನ್ನುವ ದೂರು ಶೇ. 0.3 ಮುಟ್ಟಬಾರದು. ಇದರ ವಿರುದ್ಧ ನಮ್ಮ ಗ್ರೂಪ್‌ನಲ್ಲಿ ಭಾರೀ ಆಕ್ರೋಶ. ಇದು ಸಣ್ಣ ಭಾಷೆಗಳ ದನಿ ಅಡಗಿಸುವ ಸಂಚು ಅಂತ ಒಬ್ಬರು ಬರೆದರು. ಅವರ ಪಟ್ಟಿಯಲ್ಲಿರುವವರನ್ನೆಲ್ಲ ಒಂದು ಸಿಟಿ ಬಸ್ಸಿಗೆ ಹತ್ತಿಸಿದರೂ ಕಿಟಕಿ ಪಕ್ಕದ ಸೀಟು ಉಳಿಯುತ್ತದೆ.

ಕೇಳದವರಿಗೆ ಮೇಲ್ ಕಳಿಸುವುದೇನೂ ಹೊಸದಲ್ಲ ಬಿಡಿ. 1978ರಲ್ಲೇ ಅಮೆರಿಕದ ಗ್ಯಾರಿ ಥ್ಯುರ್ಕ್ ಅನ್ನುವವರು ಇಂಟರ್‌ನೆಟ್‌ಗಿಂತ ಹಿಂದಿನ ಅರ್ಪಾನೆಟ್‌ನಲ್ಲಿ ಸುಮಾರು 400 ಜನಕ್ಕೆ ಒಂದೇ ಸಲ ಜಾಹೀರಾತು ಕಳಿಸಿ ಚೆನ್ನಾಗಿ ಬೈಸಿಕೊಂಡಿದ್ದರು. ಆದರೆ ಮಾರಲಿಕ್ಕೆ ಅವರ ಕಂಪನಿಯ ಹತ್ತಿರ ಕಂಪ್ಯೂಟರ್ ಇತ್ತು.

ನಮ್ಮೂರಿನದ್ದೇ ಉದಾಹರಣೆ ಬೇಕೆಂದರೆ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದರು. ಅದಕ್ಕೆ ಆಕಾಶವಾಣಿ ಅನ್ನುವ ಹೆಸರು ಬಂದದ್ದೂ ಇದೇ ಊರಿನಲ್ಲಿ. ಆಗ ರೇಡಿಯೊ ಇದ್ದ ಮನೆಗಳೇ ಅಪರೂಪ. ನಮ್ಮ ಪಾರ್ಟಿ ಹಾಲ್ ಮಾರ್ಗದರ್ಶಕರು ಅವತ್ತು ಇದ್ದಿದ್ದರೆ, "ಪ್ರೊಫೆಸರ್ರೇ, ಸಂಗೀತ ಆಮೇಲೆ ಹಾಕೋಣ. ಮೊದಲು ಒಂದು ಕರಪತ್ರ ಮಾಡಿ, ಅದರಲ್ಲಿ ರೇಡಿಯೊ ಕೇಳಿ ಅಂತ ಹಾಕಿ. ರೇಡಿಯೊದಲ್ಲಿ ಕರಪತ್ರ ಓದಿ ಅಂತ ಹೇಳಿ" ಅನ್ನುತ್ತಿದ್ದರು. ಪುಣ್ಯಕ್ಕೆ ಅವರಿನ್ನೂ ಹುಟ್ಟಿರಲಿಲ್ಲ.

ಈಗ ಬರೆಯುವವರಷ್ಟೇ ಅಲ್ಲ, ಎಲ್ಲರಿಗೂ ಹತ್ತಿಕೊಂಡಿದೆ. ಬ್ಲೌಸ್ ಹೊಲಿಯುವವರು ಅಳತೆ ತೆಗೆದು, "ಮೇಡಂ, ಪೇಜ್ ಫಾಲೋ ಮಾಡಿ" ಅನ್ನುತ್ತಾರೆ. ಪೇಜಿಗೆ ಹೋಗಿ ಬ್ಲೌಸ್ ಯಾವಾಗ ಕೊಡ್ತೀರಿ ಅಂತ ಕೇಳಿದರೆ, "ಅಂಗಡಿಗೆ ಭೇಟಿ ಕೊಡಿ" ಅಂತ ಉತ್ತರ. ಲಗ್ನಪತ್ರಿಕೆಯಲ್ಲಿ ಗಣೇಶನ ಕೆಳಗೆ ವರನ ಚಾನೆಲ್‌ನ ಕ್ಯೂಆರ್ ಕೋಡ್ ಬರುತ್ತಿದೆ. ವೈಕುಂಠ ಸಮಾರಾಧನೆಯ ಕಾರ್ಡಿನಲ್ಲಿ ಇನ್ನೂ ಬಂದಿಲ್ಲ. ಆಸಕ್ತರು ಗಮನಿಸಬಹುದು.

ನನ್ನ ಹೆಂಡತಿ ಮಾತ್ರ ವಡೆಯವರ ಪಟ್ಟಿಯಿಂದ ಹೊರಬರಲು ಹಟ ಹಿಡಿದಳು. ಮೇಲ್‌ನ ತೀರಾ ಕೆಳಗೆ, ಬೂದು ಬಣ್ಣದಲ್ಲಿ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಕಾಣುವಂತೆ ಅನ್‌ಸಬ್‌ಸ್ಕ್ರೈಬ್ ಅಂತ ಇತ್ತು. ಒತ್ತಿದಳು. ಯಾಕೆ ಹೋಗುತ್ತಿದ್ದೀರಿ ಅಂತ ಕೇಳಿ ಐದು ಕಾರಣ ಕೊಟ್ಟಿದ್ದರು. ಅಳತೆ ಸಿಗಲಿಲ್ಲ ಅನ್ನುವುದು ಅವುಗಳಲ್ಲಿ ಇರಲಿಲ್ಲ. ಯಾವುದೋ ಒಂದಕ್ಕೆ ಗುರುತು ಹಾಕಿ ಮುಗಿಸಿದಳು. ಐದೇ ನಿಮಿಷಕ್ಕೆ ಅದೇ ಹೆಸರಿನಿಂದ ಮತ್ತೆ ಮೇಲ್: "ನೀವು ನಮ್ಮನ್ನು ಬಿಟ್ಟು ಹೋದದ್ದು ಬೇಸರ ತಂದಿದೆ. ಬಿಟ್ಟು ಹೋದವರಿಗಾಗಿಯೇ ನಾವೊಂದು ಪ್ರತ್ಯೇಕ ನ್ಯೂಸ್‌ಲೆಟರ್ ನಡೆಸುತ್ತಿದ್ದೇವೆ. ನಿಮ್ಮ ಹೆಸರು ಈಗಾಗಲೇ ಸೇರಿಸಲಾಗಿದೆ."